ಬೆಕ್ಕಿನ ಕೆಮ್ಮಿಗೊಂದು ಹೆಸರು

ಬೆಕ್ಕು ಕೆಮ್ಮುವುದನ್ನು ಕಂಡವರಲ್ಲಿ ಬಹಳ ಮಂದಿಗೆ ಅದು ಕೆಮ್ಮು ಎಂದು ಹೊಳೆಯುವುದೇ ಇಲ್ಲ. ನಾಯಿ ಕೆಮ್ಮಿದರೆ ಮನುಷ್ಯ ಕೆಮ್ಮಿದಂತೆಯೇ ಕೇಳಿಸುತ್ತದೆ. ಬೆಕ್ಕಿನದು ಹಾಗಲ್ಲ. ಅದು ಹೊಟ್ಟೆ ನೆಲಕ್ಕೆ ತಾಗುವಂತೆ ಕುಕ್ಕರಿಸುತ್ತದೆ, ಕತ್ತನ್ನು ನೆಲಕ್ಕೆ ಸಮನಾಗಿ ಮುಂದಕ್ಕೆ ಚಾಚುತ್ತದೆ, ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ನಾಲ್ಕೈದು ಸಲ ಒಣ ಸದ್ದು ಮಾಡುತ್ತದೆ. ಕೊನೆಗೊಮ್ಮೆ ಏನನ್ನೋ ನುಂಗಿಕೊಂಡು, ಏನೂ ಆಗಿಲ್ಲವೆಂಬಂತೆ ಎದ್ದು ಹೋಗುತ್ತದೆ. ಮೈ ನೆಕ್ಕಿಕೊಂಡು ಕೂದಲು ನುಂಗಿದೆ, ಕಕ್ಕಿಕೊಳ್ಳುತ್ತದೆ ಬಿಡಿ ಎಂದು ಮನೆಯವರು ತಮ್ಮ ಕೆಲಸಕ್ಕೆ ಮರಳುತ್ತಾರೆ. ಕೂದಲಿನ ಉಂಡೆ ಮಾತ್ರ ಹೊರಬಂದಿರುವುದಿಲ್ಲ. ಮತ್ತೆ ಹದಿನೈದು ದಿನಕ್ಕೆ ಅದೇ ಭಂಗಿ, ಅದೇ ಸದ್ದು, ಅದೇ ಸಮಾಧಾನ.

ಈ ತಪ್ಪು ಗ್ರಹಿಕೆಗೆ ಮನೆಯವರನ್ನಷ್ಟೇ ದೂರುವಂತಿಲ್ಲ. ವೈದ್ಯಶಾಸ್ತ್ರವೂ ಬೆಕ್ಕಿನ ಕೆಮ್ಮನ್ನು ಬಹುಕಾಲ ಬೇರೆ ಯಾರದೋ ಕೆಮ್ಮೆಂದೇ ಓದಿಕೊಂಡು ಬಂತು. ಒಮ್ಮೆ ಅದು ನಾಯಿಯ ರೋಗವಾಯಿತು, ಇನ್ನೊಮ್ಮೆ ಸೈನಿಕರ ರೋಗದ ಮೂಲವಾಯಿತು. ಅದು ಬೆಕ್ಕಿನದೇ ಕಾಯಿಲೆ, ಅದಕ್ಕೆ ಅದರದೇ ಕಾರಣಗಳಿವೆ ಎಂದು ಒಪ್ಪಿಕೊಳ್ಳುವಷ್ಟರಲ್ಲಿ ಇಪ್ಪತ್ತನೆಯ ಶತಮಾನ ಅರ್ಧಕ್ಕಿಂತ ಹೆಚ್ಚು ಕಳೆದಿತ್ತು.

ಪಶುವೈದ್ಯ ಶಾಲೆಗಳು ಹುಟ್ಟಿದ್ದೇ ಬೆಕ್ಕಿಗಾಗಿ ಅಲ್ಲ. 1761ರಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ ಮೊದಲ ಶಾಲೆ ಸ್ಥಾಪನೆಯಾದಾಗ ಕಣ್ಣೆದುರಿಗಿದ್ದದ್ದು ಕುದುರೆ ಮತ್ತು ದನ. 1791ರಲ್ಲಿ ಲಂಡನ್ನಿನಲ್ಲಿ ಕಾಲೇಜು ತೆರೆದಾಗ ಮುಖ್ಯ ರೋಗಿ ಕುದುರೆ. ಭಾರತದಲ್ಲೂ ಇದೇ ಕತೆ. ಸಾಮ್ರಾಜ್ಯದ ಬ್ಯಾಕ್ಟೀರಿಯಾಲಜಿ ಪ್ರಯೋಗಾಲಯ 1889ರಲ್ಲಿ ಪುಣೆಯಲ್ಲಿ ಶುರುವಾಗಿ, 1893ರಲ್ಲಿ ಹಿಮಾಲಯದ ಮುಕ್ತೇಶ್ವರಕ್ಕೆ ಹೋದದ್ದು ಜಾನುವಾರುಗಳ ಸಾಂಕ್ರಾಮಿಕಗಳ ಬೆನ್ನು ಹತ್ತಿ. ಅವುಗಳಲ್ಲಿ ಮೊದಲನೆಯದು ಕನ್ನಡದ ರೈತರು ದೊಡ್ಡರೋಗ ಎಂದು ಕರೆಯುತ್ತಿದ್ದ ರಿಂಡರ್‌ಪೆಸ್ಟ್. ಬೆಂಗಳೂರಿನ ಹೆಬ್ಬಾಳದಲ್ಲಿ 1920ರ ದಶಕದಲ್ಲಿ ಮೈಸೂರು ಸಂಸ್ಥಾನ ಸೀರಂ ಸಂಸ್ಥೆ ಕಟ್ಟಿದ್ದೂ ದನಗಳನ್ನು ಉಳಿಸಿಕೊಳ್ಳಲು. ಮುಂಬೈಯ ಪರೇಲಿನಲ್ಲಿ 1880ರ ದಶಕದಲ್ಲಿ ಪಾರ್ಸಿ ದಾನಿಗಳ ನೆರವಿನಿಂದ ಬಾಯಿ ಸಕರಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ ತೆರೆಯಿತು, 1886ರಲ್ಲಿ ಅದರ ಆಸರೆಯಲ್ಲೇ ಪಶುವೈದ್ಯ ಕಾಲೇಜು ಶುರುವಾಯಿತು. ಆ ಕಾಲದ ಮುಂಬೈಯನ್ನು ಎಳೆಯುತ್ತಿದ್ದದ್ದು ಎತ್ತು ಮತ್ತು ಕುದುರೆ. ಟ್ರಾಮ್ ಎಳೆಯುವ ಕುದುರೆ ಕೆಮ್ಮಿದರೆ ನಷ್ಟ ಲೆಕ್ಕಕ್ಕೆ ಸಿಗುತ್ತಿತ್ತು. ಅಟ್ಟದ ಮೇಲಿನ ಬೆಕ್ಕು ಕೆಮ್ಮಿದರೆ ಯಾರ ಲೆಕ್ಕಕ್ಕೂ ಬರುತ್ತಿರಲಿಲ್ಲ. ಅದೂ ಅಲ್ಲದೆ ಕಾಯಿಲೆ ಬಿದ್ದ ಬೆಕ್ಕು ಯಾರ ಕಣ್ಣಿಗೂ ಬೀಳದ ಮೂಲೆ ಹುಡುಕಿಕೊಂಡು ಹೋಗುತ್ತದೆ. ಹತ್ತು ದಿನ ಕಾಣದಿದ್ದರೆ ಬೆಕ್ಕು ಮನೆ ಬಿಟ್ಟಿತು ಅನ್ನುವುದೇ ಅದರ ಮರಣಪ್ರಮಾಣಪತ್ರ.

ಬೆಕ್ಕು ಬೆಲೆಬಾಳುವ ಪ್ರಾಣಿಯಾದ ದಿನವನ್ನು ಮಾತ್ರ ಗುರುತು ಹಾಕಿ ಹೇಳಬಹುದು. 1871ರ ಜುಲೈ 13ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಹ್ಯಾರಿಸನ್ ವೀರ್ ಎಂಬ ಚಿತ್ರಕಾರ ಬೆಕ್ಕುಗಳ ಪ್ರದರ್ಶನ ಏರ್ಪಡಿಸಿದರು. ಸುಮಾರು 170 ಬೆಕ್ಕುಗಳು ಬಂದವು. ಜನ ಮುಗಿಬಿದ್ದರು. ಬೀದಿಯ ಜೀವಿ ಎಂದು ಕಲ್ಲು ತಿನ್ನುತ್ತಿದ್ದ ಪ್ರಾಣಿಗೆ ಮರ್ಯಾದೆ ತಂದುಕೊಡುವುದು ವೀರ್ ಅವರ ಆಸೆಯಾಗಿತ್ತು, ಅದು ಕೈಗೂಡಿತು. ಆದರೆ ಅಕ್ಕಪಕ್ಕದ ಪಂಜರಗಳಲ್ಲಿ ಬೇರೆ ಬೇರೆ ಮನೆಗಳ ಬೆಕ್ಕುಗಳನ್ನು ಇಟ್ಟು, ಗದ್ದಲದ ನಡುವೆ ದಿನವಿಡೀ ಕೂಡಿಹಾಕುವ ವ್ಯವಸ್ಥೆಯೂ ಆಗಲೇ ಶುರುವಾಯಿತು. ಪ್ರದರ್ಶನಗಳು ಹೆಚ್ಚಿದಂತೆ, ಬಹುಮಾನ ಗೆದ್ದು ಮನೆಗೆ ಬಂದ ಬೆಕ್ಕು ವಾರದೊಳಗೆ ಸೀನಿ, ಕಣ್ಣು ಅಂಟಿಸಿಕೊಂಡು, ಊಟ ಬಿಟ್ಟು ಮಲಗುವುದು ಸಾಕುವವರಿಗೆ ಪರಿಚಿತ ಸಂಗತಿಯಾಯಿತು. ಪ್ರದರ್ಶನಕ್ಕೆ ಹೋಗದ, ಮನೆಯಲ್ಲೇ ಇದ್ದ ಮರಿಗಳೂ ಅದರ ಹಿಂದೆಯೇ ಮಲಗುತ್ತಿದ್ದವು. ಕಾರಣ ಯಾರಿಗೂ ಗೊತ್ತಿರಲಿಲ್ಲ. ಚಳಿಗಾಳಿ ಅಂದರು, ತೇವ ಅಂದರು. ಹೆಸರು ಬೇಕಾದಾಗ ನಾಯಿಯಿಂದ ಎರವಲು ತಂದರು. ನಾಯಿಗೆ ಬರುವ ಡಿಸ್ಟೆಂಪರ್ ಬೆಕ್ಕಿಗೂ ಬಂದಿದೆ ಎಂದರು.

ಆ ಹೆಸರಿನಿಂದ ಆದ ಕೇಡು ಸಣ್ಣದಲ್ಲ. ವಾಂತಿ ಭೇದಿಯಾಗಿ ಎರಡು ದಿನದಲ್ಲಿ ಸತ್ತ ಬೆಕ್ಕಿನದೂ ಡಿಸ್ಟೆಂಪರ್, ಮೂಗು ಕಟ್ಟಿ ಎರಡು ವಾರ ನರಳಿದ ಬೆಕ್ಕಿನದೂ ಡಿಸ್ಟೆಂಪರ್. ಮೊದಲನೆಯದು ವೈರಸ್ಸಿನಿಂದ ಬರುವ ಬೇರೆಯೇ ರೋಗವೆಂದು 1928ರಲ್ಲಿ ಫ್ರಾನ್ಸಿನಲ್ಲಿ ವೆರ್ಜ್ ಮತ್ತು ಕ್ರಿಸ್ಟೊಫೊರೋನಿ ತೋರಿಸಿಕೊಟ್ಟರು. ಇವತ್ತು ಅದನ್ನು ಪ್ಯಾನ್‌ಲ್ಯುಕೋಪೀನಿಯಾ ಅನ್ನುತ್ತಾರೆ. ಎರಡನೆಯದು ಮತ್ತೆ ಮೂವತ್ತು ವರ್ಷ ಹಾಗೇ ಉಳಿಯಿತು.

ಇಷ್ಟರ ನಡುವೆ ಒಂದು ಪುಸ್ತಕ ಸರಿಯಾದ ಜಾಗಕ್ಕೆ ಕೈಯಿಟ್ಟಿತ್ತು. 1906ರಲ್ಲಿ ನ್ಯೂಯಾರ್ಕಿನಲ್ಲಿ ಪ್ರಕಟವಾದ ಬೆಕ್ಕಿನ ರೋಗಗಳ ಪುಸ್ತಕದಲ್ಲಿ ಹಿಲ್ ಎಂಬ ಪಶುವೈದ್ಯರು ಉಸಿರಾಟದ ಅಂಗಗಳಿಗೇ ಒಂದು ಅಧ್ಯಾಯ ಮೀಸಲಿಟ್ಟು, ಅದರಲ್ಲಿ ಬೆಕ್ಕಿನ ಅಸ್ತಮಾವನ್ನು ವಿವರಿಸಿದರು. ಉಸಿರ್ನಾಳದ ಉರಿಯೂತ, ತುಂಬಿಕೊಂಡ ಲೋಳೆ, ಸುಯ್ಯೆನ್ನುವ ಸದ್ದು, ಕಷ್ಟಪಟ್ಟು ಎಳೆಯುವ ಉಸಿರು ಎಲ್ಲವೂ ಅಲ್ಲಿದ್ದವು. ಯಾರೂ ಅದನ್ನು ಮುಂದಕ್ಕೊಯ್ಯಲಿಲ್ಲ. ಬೆಕ್ಕು ಮತ್ತು ಅಸ್ತಮಾ ಎಂಬ ಎರಡು ಪದಗಳು ಒಟ್ಟಿಗೆ ಕೇಳಿದಾಗ ಆ ಕಾಲದ ವೈದ್ಯರಿಗೆ ನೆನಪಾಗುತ್ತಿದ್ದದ್ದು ಬೇರೆಯೇ ವಿಷಯ. ಲಂಡನ್ನಿನ ವೈದ್ಯ ಹೆನ್ರಿ ಹೈಡ್ ಸಾಲ್ಟರ್ ಸ್ವತಃ ಅಸ್ತಮಾ ರೋಗಿ. ಬೆಕ್ಕು ಹತ್ತಿರ ಬಂದರೆ ತನಗೆ ಉಸಿರು ಕಟ್ಟುತ್ತದೆ, ಅದು ಪರಚಿದ ಜಾಗದಲ್ಲಿ ದದ್ದು ಏಳುತ್ತದೆ ಎಂದು ಅವರು ದಾಖಲಿಸಿದ್ದರು. 1860ರಲ್ಲಿ ಮೊದಲು ಬಂದ ಅವರ ಅಸ್ತಮಾ ಗ್ರಂಥ ದಶಕಗಳ ಕಾಲ ವೈದ್ಯರ ಕೈಪಿಡಿಯಾಗಿತ್ತು. ಕಡು ಕಾಫಿ ಕುಡಿದರೆ ಅಸ್ತಮಾ ಸಡಿಲಗೊಳ್ಳುತ್ತದೆ ಎಂದು ಹೇಳಿದವರೂ ಅವರೇ, ಇದು ಕಾಫಿಪ್ರಿಯ ಕನ್ನಡಿಗರಿಗೆ ಹಿಡಿಸೀತು. ಒಟ್ಟಿನಲ್ಲಿ ಬೆಕ್ಕು ಅಸ್ತಮಾ ತರುವ ಪ್ರಾಣಿಯೆಂದು ಪ್ರಸಿದ್ಧವಾಯಿತು. ಬೆಕ್ಕಿಗೂ ಅಸ್ತಮಾ ಬರುತ್ತದೆ ಅನ್ನುವುದು ಪುಸ್ತಕದಲ್ಲೇ ಉಳಿಯಿತು.

ಬೆಕ್ಕಿನ ಕೆಮ್ಮು ಮೊದಲ ಬಾರಿಗೆ ಗಂಭೀರ ಪ್ರಯೋಗಾಲಯವೊಂದನ್ನು ಹೊಕ್ಕದ್ದು ಎರಡನೆಯ ಮಹಾಯುದ್ಧದ ನಡುವೆ, ಅದೂ ಮನುಷ್ಯರ ಕಾರಣಕ್ಕೆ. ಅಮೆರಿಕದ ಸೇನಾ ಶಿಬಿರಗಳಲ್ಲಿ ಆಗ ವಿಚಿತ್ರ ನ್ಯುಮೋನಿಯಾ ಹರಡಿತ್ತು. ರೋಗಿ ತೀರಾ ಹಾಸಿಗೆ ಹಿಡಿಯುತ್ತಿರಲಿಲ್ಲ, ಆದರೆ ವಾರಗಟ್ಟಲೆ ಕೆಮ್ಮುತ್ತಿದ್ದ. ಸಲ್ಫಾ ಔಷಧಗಳು ನಾಟುತ್ತಿರಲಿಲ್ಲ. ಕಫದಲ್ಲಿ ಪರಿಚಿತ ಬ್ಯಾಕ್ಟೀರಿಯಾ ಸಿಗುತ್ತಿರಲಿಲ್ಲ. ರಾಕ್‌ಫೆಲರ್ ಸಂಸ್ಥೆಯ ಪ್ರಿನ್ಸ್‌ಟನ್ ವಿಭಾಗದಲ್ಲಿದ್ದ ಪಶುವೈದ್ಯ ವಿಜ್ಞಾನಿ ಜೇಮ್ಸ್ ಬೇಕರ್ ನ್ಯುಮೋನಿಯಾ ಆದ ಬೆಕ್ಕುಗಳಿಂದ ಒಂದು ರೋಗಾಣುವನ್ನು ಬೇರ್ಪಡಿಸಿ 1942ರಲ್ಲಿ ಪ್ರಕಟಿಸಿದರು. ಮನುಷ್ಯರ ಈ ನ್ಯುಮೋನಿಯಾಕ್ಕೂ ಅದಕ್ಕೂ ಸಂಬಂಧವಿದೆಯೇ ಎಂಬ ಪ್ರಶ್ನೆ ಲೇಖನದ ತಲೆಬರಹದಲ್ಲೇ ಇತ್ತು. 1944ರಲ್ಲಿ ವಿವರವಾದ ವರದಿ ಬಂತು. ಬೆಕ್ಕಿನ ಕಾಯಿಲೆಗೆ ನ್ಯುಮೋನೈಟಿಸ್ ಎಂಬ ಹೆಸರು ಅಂಟಿಕೊಂಡಿತು.

ಸೈನಿಕರ ಕೆಮ್ಮಿಗೂ ಬೆಕ್ಕಿಗೂ ಸಂಬಂಧವೇ ಇರಲಿಲ್ಲ. ಅದಕ್ಕೆ ಕಾರಣ ಮೈಕೋಪ್ಲಾಸ್ಮಾ ಎಂಬ ಕೋಶಭಿತ್ತಿಯಿಲ್ಲದ ಬ್ಯಾಕ್ಟೀರಿಯಾ ಎಂದು 1960ರ ದಶಕದ ಮೊದಲಲ್ಲಿ ಖಚಿತವಾಯಿತು. ಬೇಕರ್ ಕಂಡದ್ದು ವೈರಸ್ಸೂ ಆಗಿರಲಿಲ್ಲ. ಅದು ಜೀವಕೋಶದೊಳಗೇ ಬೆಳೆಯುವ ಕ್ಲಮೈಡಿಯಾ ಎಂಬ ಬ್ಯಾಕ್ಟೀರಿಯಾ. ಆ ಕಾಲದಲ್ಲಿ ಕೃತಕ ಆಹಾರದಲ್ಲಿ ಬೆಳೆಯದ ಇಂಥ ಸೂಕ್ಷ್ಮಜೀವಿಗಳನ್ನು ವೈರಸ್ಸಿನ ಸಾಲಿಗೇ ಸೇರಿಸುತ್ತಿದ್ದರು, ಹಾಗಾಗಿ ಇದರಲ್ಲಿ ಬೇಕರ್ ಅವರ ತಪ್ಪೇನಿಲ್ಲ. ಇನ್ನೂ ಮುಖ್ಯವಾದ ಮಾತೆಂದರೆ, ಈ ಜೀವಿ ಬೆಕ್ಕುಗಳಲ್ಲಿ ಮುಖ್ಯವಾಗಿ ಕಾಡುವುದು ಕಣ್ಣನ್ನು, ಶ್ವಾಸಕೋಶವನ್ನಲ್ಲ. ಆದರೂ ಹದಿನೈದು ವರ್ಷ ಸೀನುವ, ಕೆಮ್ಮುವ ಬೆಕ್ಕುಗಳಿಗೆಲ್ಲ ಇದೇ ಕಾರಣವೆಂದು ಪಠ್ಯಗಳು ಹೇಳಿದವು. ಇದರ ವಿರುದ್ಧವೇ ಲಸಿಕೆಯ ಪ್ರಯತ್ನಗಳು ನಡೆದವು. ಲಸಿಕೆ ಪಡೆದ ಬೆಕ್ಕುಗಳು ಸೀನುತ್ತಲೇ ಇದ್ದವು. ಬೇಕರ್ ಮುಂದೆ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಹೋಗಿ 1950ರಲ್ಲಿ ದೊಡ್ಡ ಸಂಶೋಧನಾ ಕೇಂದ್ರ ಕಟ್ಟಿದರು. ಇಂದಿಗೂ ಅದು ಅವರ ಹೆಸರಿನಲ್ಲಿದೆ. ಅದು ಹೆಸರು ಮಾಡಿದ್ದು ನಾಯಿಗಳ ರೋಗಗಳಲ್ಲಿ. ಅದೇ ಕಾರ್ನೆಲ್‌ನಲ್ಲಿ ಬೆಕ್ಕಿಗೆಂದೇ ಒಂದು ಕೇಂದ್ರ ಬರಲು 1974 ಆಗಬೇಕಾಯಿತು.

ಬೀಗ ತೆಗೆದದ್ದು ಗಾಜಿನ ಪಾತ್ರೆಯಲ್ಲಿ ಜೀವಕೋಶ ಬೆಳೆಸುವ ತಂತ್ರ. ಪೋಲಿಯೋ ಸಂಶೋಧನೆಗಾಗಿ ಬೆಳೆದ ಈ ವಿದ್ಯೆ 1950ರ ದಶಕದಲ್ಲಿ ಪಶುವೈದ್ಯರ ಕೈಗೂ ಬಂತು. ಬೆಕ್ಕಿನ ಮೂತ್ರಪಿಂಡದ ಕೋಶಗಳನ್ನು ಬೆಳೆಸಿ, ಕಾಯಿಲೆ ಬಿದ್ದ ಬೆಕ್ಕಿನ ದ್ರವವನ್ನು ಅದರ ಮೇಲೆ ಹಾಕಿ, ಕೋಶಗಳು ಸಾಯುತ್ತವೆಯೇ ಎಂದು ನೋಡುವುದು. 1957ರಲ್ಲಿ ನ್ಯೂಜಿಲೆಂಡಿನಲ್ಲಿ ಫಾಸ್ಟಿಯರ್ ಹೊಸದೊಂದು ವೈರಸ್ ಸಿಕ್ಕಿತೆಂದು ವರದಿ ಮಾಡಿದರು. ಅದು ಸಿಕ್ಕಿದ್ದು ಶ್ವಾಸಕೋಶದಲ್ಲಲ್ಲ, ಬೆಕ್ಕಿನ ಕರುಳಿನಲ್ಲಿ. ಮುಂದೆ ಕ್ಯಾಲಿಸಿವೈರಸ್ ಎಂದು ಹೆಸರಾದದ್ದು ಇದೇ. 1958ರಲ್ಲಿ ಅಮೆರಿಕದ ಕ್ರಾಂಡೆಲ್ ಮತ್ತು ಮೌರರ್ ಮೂಗು ಕಣ್ಣು ಸೋರುತ್ತಿದ್ದ ಮರಿಗಳಿಂದ ಇನ್ನೊಂದನ್ನು ಬೇರ್ಪಡಿಸಿದರು. ಅದು ಹರ್ಪಿಸ್ ಕುಟುಂಬದ ವೈರಸ್. ಎರಡೇ ವರ್ಷದ ಅಂತರದಲ್ಲಿ, ಜಗತ್ತಿನ ಎರಡು ತುದಿಗಳಲ್ಲಿ, ಬೆಕ್ಕಿನ ನೆಗಡಿಗೆ ಕಾರಣವಾದ ಎರಡು ಮುಖ್ಯ ರೋಗಾಣುಗಳು ಸಿಕ್ಕಿದ್ದವು. ನಾಯಿಯ ಡಿಸ್ಟೆಂಪರ್ ವೈರಸ್ಸಿಗೂ ಇವಕ್ಕೂ ನಂಟಿಲ್ಲ. ಇವು ಮನುಷ್ಯರಿಗೂ ಅಂಟುವುದಿಲ್ಲ.

ಅದೇ 1958ರಲ್ಲಿ ಬ್ರಿಟನ್ನಿನಲ್ಲಿ ಜೋನ್ ಜಡ್ ಎಂಬ ಮಹಿಳೆ ಬೆಕ್ಕಿನ ಸಲಹಾ ಸಂಸ್ಥೆಯೊಂದನ್ನು ಶುರುಮಾಡಿದರು. ಪಶುವೈದ್ಯರಿಗೆ ಬೆಕ್ಕಿನ ಬಗ್ಗೆ ಗೊತ್ತಿರುವುದು ಬಹಳ ಕಡಿಮೆ ಎಂಬ ಬೇಸರವೇ ಅದರ ಬಂಡವಾಳ. ಈ ಸಂಸ್ಥೆ ಮಾಡಿದ ಅತ್ಯಂತ ಉಪಯುಕ್ತ ಕೆಲಸವೊಂದು ಔಷಧಕ್ಕೆ ಸಂಬಂಧಿಸಿದ್ದೇ ಅಲ್ಲ, ಬಡಗಿಗೆ ಸಂಬಂಧಿಸಿದ್ದು. ಮಾಲೀಕರು ಊರಿಗೆ ಹೋದಾಗ ಬೆಕ್ಕುಗಳನ್ನು ಬಿಡುವ ವಸತಿಗಳಲ್ಲಿ ಒಂದು ಸೀನು ಇಡೀ ಸಾಲನ್ನು ಮಲಗಿಸುತ್ತಿತ್ತು. ಗೂಡುಗಳ ನಡುವೆ ಅಂತರ ಬಿಡಿ, ಇಲ್ಲವೇ ಪೂರ್ತಿ ಎತ್ತರದ ಗಟ್ಟಿ ತಡೆ ಹಾಕಿ, ಒಂದು ಗೂಡಿನ ಪಾತ್ರೆ ಇನ್ನೊಂದಕ್ಕೆ ಹೋಗದಿರಲಿ ಎಂದು ಸಂಸ್ಥೆ ನಕ್ಷೆಗಳನ್ನೇ ಬರೆದುಕೊಟ್ಟಿತು. ಸೀನುತಡೆ ಎಂಬ ಮಾತು ಕಟ್ಟಡದ ಪರಿಭಾಷೆಗೆ ಸೇರಿತು. ಸೀನಿದ ಹನಿ ಹಾರುವುದು ಒಂದೆರಡು ಮೀಟರ್ ಮಾತ್ರ, ಅಷ್ಟನ್ನು ತಡೆದರೆ ಬಹುಪಾಲು ಕೆಲಸವಾಯಿತು.

ಆದರೂ ಒಂದು ಒಗಟು ಉಳಿದಿತ್ತು. ಯಾವ ರೋಗಿಯ ಸಂಪರ್ಕಕ್ಕೂ ಬಾರದ ಬೆಕ್ಕು ಮನೆ ಬದಲಿಸಿದ ವಾರಕ್ಕೆ ಸೀನುವುದೇಕೆ? ಉತ್ತರ ಬ್ರಿಸ್ಟಲ್‌ನಿಂದ ಬಂತು. ಹರ್ಪಿಸ್‌ನಿಂದ ಚೇತರಿಸಿಕೊಂಡ ಬೆಕ್ಕುಗಳಲ್ಲಿ ವೈರಸ್ ಹೋಗಿರುವುದಿಲ್ಲ, ಮುಖದ ನರದ ಗಂಟುಗಳಲ್ಲಿ ಮಲಗಿರುತ್ತದೆ. ರೊಸಾಲಿಂಡ್ ಗ್ಯಾಸ್ಕೆಲ್ ಮತ್ತು ಪೋವಿ 1977ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚೇತರಿಸಿಕೊಂಡ ಬೆಕ್ಕುಗಳನ್ನು ಹೊಸ ಜಾಗಕ್ಕೆ ಸಾಗಿಸಿದರೆ ಸಾಕು, ಅವುಗಳಲ್ಲಿ ಕೆಲವು ಮತ್ತೆ ವೈರಸ್ ಹೊರಸೂಸುತ್ತಿದ್ದವು. ಒತ್ತಡವಾದ ಸುಮಾರು ಒಂದು ವಾರದ ಮೇಲೆ ಅದು ಶುರುವಾಗಿ, ಎರಡು ವಾರದವರೆಗೂ ಮುಂದುವರಿಯಬಹುದಿತ್ತು. ಕ್ಯಾಲಿಸಿವೈರಸ್‌ನ ರೀತಿ ಬೇರೆ. ಅದನ್ನು ಹೊತ್ತ ಬೆಕ್ಕು ನೋಡಲು ಆರೋಗ್ಯವಾಗಿದ್ದು, ಒತ್ತಡವಿರಲಿ ಇಲ್ಲದಿರಲಿ, ತಿಂಗಳುಗಟ್ಟಲೆ ಹರಡುತ್ತಿರಬಹುದು. ನೂರು ವರ್ಷ ಪ್ರದರ್ಶನಕ್ಕೆ ಹೋಗಿ ಬಂದ ಬೆಕ್ಕುಗಳು ವಾರದೊಳಗೆ ಮಲಗಿದ್ದೇಕೆ, ಮನೆಯಲ್ಲಿದ್ದ ಮರಿಗಳಿಗೂ ತಗುಲಿದ್ದೇಕೆ ಎಂಬುದು ಈಗ ಅರ್ಥವಾಯಿತು. ಪಂಜರ, ಗದ್ದಲ, ಗಾಡಿಯ ಪ್ರಯಾಣ ಇವೇ ಮಲಗಿದ್ದ ವೈರಸ್ಸನ್ನು ಎಬ್ಬಿಸುತ್ತಿದ್ದವು. ಚಳಿಗಾಳಿಯನ್ನು ಬೈದದ್ದು ವ್ಯರ್ಥವಾಗಿತ್ತು.

1970ರ ದಶಕದ ಮಧ್ಯದಲ್ಲಿ ಈ ಎರಡೂ ವೈರಸ್‌ಗಳಿಗೆ ಲಸಿಕೆ ಬಂತು. ಇವತ್ತು ಮುಂಬೈ, ಪುಣೆ, ಚೆನ್ನೈಗಳ ಚಿಕಿತ್ಸಾಲಯಗಳಲ್ಲಿ ಮರಿಗೆ ಹಾಕುವ ತ್ರಿವಳಿ ಲಸಿಕೆಯಲ್ಲಿ ಇರುವುದು ಇವೆರಡು ಮತ್ತು 1928ರಲ್ಲಿ ಗುರುತಿಸಿದ ಆ ಮೊದಲ ವೈರಸ್. ಒಂದೇ ಡಿಸ್ಟೆಂಪರ್ ಎಂದುಕೊಂಡಿದ್ದ ರೋಗ ಮೂರಾಗಿ ಬಿಡಿಸಿಕೊಂಡ ಕತೆ ಆ ಸಣ್ಣ ಸೀಸೆಯಲ್ಲಿದೆ. ಸೋಂಕನ್ನೇ ಪೂರ್ತಿ ತಡೆಯುವ ಶಕ್ತಿ ಈ ಲಸಿಕೆಯ ನೆಗಡಿಯ ಭಾಗಕ್ಕಿಲ್ಲ, ಅದು ಕಾಯಿಲೆಯ ಉಗ್ರತೆ ತಗ್ಗಿಸುತ್ತದೆ. ಲಸಿಕೆ ಹಾಕಿಸಿದರೂ ಸೀನಿತಲ್ಲ ಎಂದು ಬೇಸರಿಸುವವರು ಇದನ್ನು ನೆನಪಿಡಬೇಕು.

ನೆಗಡಿಯ ಲೆಕ್ಕ ಹೀಗೆ ಬಗೆಹರಿದರೂ, ಕುಕ್ಕರಿಸಿ ಕತ್ತು ಚಾಚುವ ಒಣ ಕೆಮ್ಮು ಉಳಿದೇ ಇತ್ತು. ಇಲ್ಲಿ ದಾರಿ ತಪ್ಪಿಸಿದ್ದು ನಾಯಿಯ ಪಾಠ. ವಯಸ್ಸಾದ ನಾಯಿ ಕೆಮ್ಮಿದರೆ ವೈದ್ಯರು ಹೃದಯವನ್ನು ಶಂಕಿಸುತ್ತಾರೆ, ಅದು ಸರಿಯೂ ಹೌದು. ಬೆಕ್ಕಿನ ಹೃದಯ ಸೋತಾಗ ಅದು ಏದುಸಿರು ಬಿಡುತ್ತದೆ, ಸಾಮಾನ್ಯವಾಗಿ ಕೆಮ್ಮುವುದಿಲ್ಲ. ಬೆಕ್ಕು ಕೆಮ್ಮಿದರೆ ನೋಡಬೇಕಾದದ್ದು ಮೊದಲು ಉಸಿರ್ನಾಳವನ್ನು. ಬೆಕ್ಕನ್ನು ಸಣ್ಣ ನಾಯಿಯೆಂದೋ ಸಣ್ಣ ಮನುಷ್ಯನೆಂದೋ ತಿಳಿದರೆ ಔಷಧದಲ್ಲೂ ಎಡವಟ್ಟಾಗುತ್ತದೆ. ಜ್ವರವೆಂದು ಮನೆಯ ಪ್ಯಾರಾಸಿಟಮಾಲ್ ಮಾತ್ರೆ ಕೊಟ್ಟರೆ ಬೆಕ್ಕು ಸಾಯಬಹುದು. ಅದನ್ನು ನಿರ್ವಿಷಗೊಳಿಸುವ ಕಿಣ್ವ ಅದರ ಯಕೃತ್ತಿನಲ್ಲಿ ಬೇಕಾದಷ್ಟಿಲ್ಲ.

1989ರಲ್ಲಿ ಕಾರ್ನೆಲ್‌ನ ಮೊಯೀಸ್ ಮತ್ತು ಸಂಗಡಿಗರು ಶ್ವಾಸನಾಳದ ಕಾಯಿಲೆಯಿದ್ದ 65 ಬೆಕ್ಕುಗಳ ದಾಖಲೆಗಳನ್ನು ಜೋಡಿಸಿ ಪ್ರಕಟಿಸಿದರು. 1995ರಲ್ಲಿ ಬ್ರಿಟನ್ನಿನಿಂದ 29 ಬೆಕ್ಕುಗಳ ಇನ್ನೊಂದು ವರದಿ ಬಂತು. ಸಂಖ್ಯೆ ಸಣ್ಣದು, ಆದರೆ ಚಿತ್ರ ಸ್ಪಷ್ಟ. ಉಸಿರ್ನಾಳ ತೊಳೆದು ತೆಗೆದ ದ್ರವದಲ್ಲಿ ಅಲರ್ಜಿಯ ಗುರುತಾದ ಇಯೊಸಿನೊಫಿಲ್ ಕಣಗಳು, ಎಕ್ಸ್‌ರೇಯಲ್ಲಿ ದಪ್ಪಗಾದ ನಾಳದ ಗೋಡೆಗಳು. ಮನುಷ್ಯರ ಅಸ್ತಮಾವನ್ನು ಇಷ್ಟು ಹೋಲುವ ಕಾಯಿಲೆ ತಾನಾಗಿ ಬರುವ ಪ್ರಾಣಿಗಳು ಬಹಳ ಕಡಿಮೆ. ಹಿಲ್ 1906ರಲ್ಲಿ ಬರೆದಿಟ್ಟದ್ದು ಎಂಬತ್ತು ವರ್ಷಗಳ ಮೇಲೆ ಹೀಗೆ ಮತ್ತೆ ಮೇಲೆ ಬಂತು. ಹಾಗೆಂದು ಕೆಮ್ಮೆಲ್ಲ ಅಸ್ತಮಾ ಅಲ್ಲ. ಬಸವನಹುಳುವಿನ ಮೂಲಕ, ಅದನ್ನು ತಿಂದ ಇಲಿ, ಹಕ್ಕಿ, ಹಲ್ಲಿಗಳ ಮೂಲಕ ಬೆಕ್ಕಿನ ಶ್ವಾಸಕೋಶ ಸೇರುವ ಹುಳುವೊಂದನ್ನು ಫ್ರಾನ್ಸಿನ ರೈಯೆ 1898ರಲ್ಲೇ ವಿವರಿಸಿದ್ದರು. ಎಕ್ಸ್‌ರೇಯಲ್ಲಿ ಅದು ಅಸ್ತಮಾದಂತೆಯೇ ಕಾಣಬಹುದು. ಅಸ್ತಮಾಕ್ಕೆ ಸ್ಟೆರಾಯ್ಡ್ ಬೇಕು, ಹುಳುವಿಗೆ ಜಂತುನಾಶಕ. ಮಲಪರೀಕ್ಷೆ ಬಿಟ್ಟುಬಿಟ್ಟರೆ ವರ್ಷಗಟ್ಟಲೆ ತಪ್ಪು ಔಷಧ ನಡೆಯುತ್ತದೆ.

ಸ್ಟೆರಾಯ್ಡಿನದೇ ಒಂದು ಸಂಕಟ. ಮಾತ್ರೆಯಾಗಿ, ದೀರ್ಘಕಾಲ ಕೆಲಸ ಮಾಡುವ ಚುಚ್ಚುಮದ್ದಾಗಿ ಕೊಟ್ಟರೆ ಕೆಮ್ಮು ನಿಲ್ಲುತ್ತದೆ, ಆದರೆ ಬೆಕ್ಕುಗಳಿಗೆ ಅದರಿಂದ ಸಕ್ಕರೆ ಕಾಯಿಲೆ ಬರುವ ಅಪಾಯ ಹೆಚ್ಚು. ಪರಿಹಾರ ಬಂದದ್ದು ಮಕ್ಕಳ ಆಸ್ಪತ್ರೆಯ ದಾರಿಯಿಂದ. 1955ರಲ್ಲಿ ಅಮೆರಿಕದ ರೈಕರ್ ಔಷಧ ಕಂಪನಿಯ ಮುಖ್ಯಸ್ಥ ಜಾರ್ಜ್ ಮೇಸನ್ ಅವರ ಹದಿಮೂರು ವರ್ಷದ ಮಗಳು, ಅಸ್ತಮಾ ಇದ್ದವಳು, ನನ್ನ ಔಷಧವೂ ಕೂದಲಿಗೆ ಹಾಕುವ ಸ್ಪ್ರೇಯಂತೆ ಯಾಕಿರಬಾರದು ಎಂದು ಕೇಳಿದಳಂತೆ. ಮರುವರ್ಷವೇ ಅಳತೆಯ ಇನ್‌ಹೇಲರ್ ಮಾರುಕಟ್ಟೆಗೆ ಬಂತು. ಒತ್ತುವುದಕ್ಕೂ ಎಳೆಯುವುದಕ್ಕೂ ಹೊಂದಿಸಿಕೊಳ್ಳಲಾರದ ಸಣ್ಣ ಮಕ್ಕಳಿಗಾಗಿ ಮುಂದೆ ಮುಖವಾಡವುಳ್ಳ ಕೊಳವೆ ಹುಟ್ಟಿತು. ಹೇಳಿದಂತೆ ಉಸಿರೆಳೆಯದ ರೋಗಿಗೆಂದು ಮಾಡಿದ ಉಪಕರಣ ಬೆಕ್ಕಿಗೆ ಹೊಂದದೆ ಇದ್ದೀತೇ? ಷಿಕಾಗೋದಲ್ಲಿ ಬೆಕ್ಕಿನ ಅಸ್ತಮಾವನ್ನು ಅಧ್ಯಯನ ಮಾಡುತ್ತಿದ್ದ ಫಿಲಿಪ್ ಪ್ಯಾಡ್ರಿಡ್ 1990ರ ದಶಕದಲ್ಲಿ ಈ ದಾರಿ ಹಿಡಿದರು. ಮುಂದೆ ಬೆಕ್ಕಿನ ಮುಖದ ಅಳತೆಗೇ ಮಾಡಿದ ಏರೋಕ್ಯಾಟ್ ಎಂಬ ಕೊಳವೆ ಬಂತು. ಔಷಧವನ್ನು ಕೊಳವೆಗೆ ಒತ್ತಿ, ಮುಖವಾಡವನ್ನು ಮೂತಿಗೆ ಹಿಡಿದು, ಏಳರಿಂದ ಹತ್ತು ಉಸಿರು ಎಣಿಸಬೇಕು. ಮೊದಲ ವಾರ ಬೆಕ್ಕು ಒಪ್ಪುವುದಿಲ್ಲ. ಖಾಲಿ ಮುಖವಾಡಕ್ಕೆ ತಿಂಡಿಯ ಆಸೆ ತೋರಿಸಿ ರೂಢಿ ಮಾಡಿಸಿದರೆ ಹೆಚ್ಚಿನವು ಒಪ್ಪುತ್ತವೆ. ಮನೆಯಲ್ಲಿ ಸೊಳ್ಳೆಬತ್ತಿ, ಅಗರಬತ್ತಿ, ಸಿಗರೇಟಿನ ಹೊಗೆ ಮತ್ತು ದೂಳೇಳುವ ಮರಳು ಇದ್ದರೆ ಇನ್‌ಹೇಲರಿನ ಕೆಲಸ ಅರ್ಧಕ್ಕೆ ನಿಲ್ಲುತ್ತದೆ.

ಇಷ್ಟೆಲ್ಲ ಕಲಿತ ಕಾಲದಲ್ಲೇ ಮನುಷ್ಯರು ಬೆಕ್ಕಿಗೆ ಹೊಸದೊಂದು ಉಸಿರಾಟದ ಕಷ್ಟವನ್ನು ತಾವೇ ತಯಾರಿಸಿದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಚಿತ್ರಗಳಲ್ಲಿರುವ ಪರ್ಷಿಯನ್ ಬೆಕ್ಕಿಗೆ ಮೂಗಿದೆ. ಪ್ರದರ್ಶನದ ತೀರ್ಪುಗಳು ಚಪ್ಪಟೆ ಮುಖವನ್ನು ಮೆಚ್ಚುತ್ತ ಹೋದಂತೆ ತಲೆಮಾರಿನಿಂದ ತಲೆಮಾರಿಗೆ ಆ ಮೂಗು ಒಳಗೆ ಸರಿಯಿತು. ಮುಖ ಚಪ್ಪಟೆಯಾದಷ್ಟೂ ಉಸಿರಾಟದ ತೊಂದರೆ ಹೆಚ್ಚುತ್ತದೆಂದು 2016ರ ಒಂದು ಅಧ್ಯಯನ ತೋರಿಸಿತು. ಮಹಾನಗರಗಳ ಫ್ಲಾಟುಗಳಲ್ಲಿ ಇವತ್ತು ಬಹಳ ಬೇಡಿಕೆಯಿರುವುದು ಈ ತಳಿಗೇ. ಅದು ಗೊರಕೆ ಹೊಡೆಯುವ ವಿಡಿಯೋಗಳನ್ನು ಜನ ಮುದ್ದೆಂದು ಹಂಚಿಕೊಳ್ಳುತ್ತಾರೆ. ಮಲಗಿದ ಆರೋಗ್ಯವಂತ ಬೆಕ್ಕು ನಿಮಿಷಕ್ಕೆ ಮೂವತ್ತಕ್ಕಿಂತ ಕಡಿಮೆ ಸಲ, ಸದ್ದಿಲ್ಲದೆ, ಬಾಯಿ ಮುಚ್ಚಿ ಉಸಿರಾಡುತ್ತದೆ. ಸುಮ್ಮನೆ ಕೂತ ಬೆಕ್ಕು ಬಾಯಿ ತೆರೆದು ಉಸಿರಾಡುತ್ತಿದ್ದರೆ ನಾಳೆಯವರೆಗೆ ಕಾಯುವಂತಿಲ್ಲ.

2020ರ ಮಾರ್ಚಿನಲ್ಲಿ ಬೆಲ್ಜಿಯಂನ ಒಂದು ಸಾಕುಬೆಕ್ಕಿಗೆ ಉಸಿರಾಟದ ತೊಂದರೆಯೂ ವಾಂತಿ ಭೇದಿಯೂ ಕಾಣಿಸಿಕೊಂಡು, ಪರೀಕ್ಷೆಯಲ್ಲಿ ಕೊರೋನಾ ವೈರಸ್ ಸಿಕ್ಕಿತು. ಅದೇ ತಿಂಗಳ ಕೊನೆಯಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ನಾಡಿಯಾ ಎಂಬ ಹುಲಿ ಒಣ ಕೆಮ್ಮು ಕೆಮ್ಮಿತು. 1942ರ ಪ್ರಶ್ನೆ ಮತ್ತೆ ಎದ್ದುಬಂತು. ಇವುಗಳಿಂದ ನಮಗೆ ಬರುತ್ತದೆಯೇ? ಹಲವು ದೇಶಗಳಲ್ಲಿ ಹೆದರಿದ ಜನ ಬೆಕ್ಕುಗಳನ್ನು ಬೀದಿಗೆ ಬಿಡಬಾರದೆಂದು ಪಶುವೈದ್ಯ ಸಂಘಗಳು ಮನವಿ ಮಾಡಬೇಕಾಯಿತು. ವಿಚಾರಿಸಿ ನೋಡಿದಾಗ ತಿಳಿದದ್ದು ಇಷ್ಟು. ಬೆಲ್ಜಿಯಂನ ಬೆಕ್ಕಿನ ಯಜಮಾನರು ಉತ್ತರ ಇಟಲಿಗೆ ಹೋಗಿ ಸೋಂಕು ತಂದಿದ್ದರು. ನಾಡಿಯಾಗೆ ಅಂಟಿದ್ದು, ರೋಗಲಕ್ಷಣವಿಲ್ಲದ ಮೃಗಾಲಯದ ಸಿಬ್ಬಂದಿಯೊಬ್ಬರಿಂದ ಎಂದು ಅಧಿಕಾರಿಗಳು ಹೇಳಿದರು. ಬೆಕ್ಕೂ ಹುಲಿಯೂ ಚೇತರಿಸಿಕೊಂಡವು.